ಪೆಟ್ಟಿಗೆಯ ಮೇಲಿನ ಎರಡು ಅಕ್ಷರ

ಈ ತಿಂಗಳು ನಾವು ವಾಚಕರ ಮುಂದಿಡುವ ವಿಷಯವು, ಅನೇಕರ ಮನೆಯಲ್ಲಿದ್ದೂ ಯಾರ ಗಮನಕ್ಕೂ ಬಾರದ ವಸ್ತುವೊಂದನ್ನು ಕುರಿತದ್ದು. ಮೋಟಾರು ಗಾಡಿಯ ಹೊಟ್ಟೆಯೊಳಗೆ ಬ್ಯಾಟರಿ ಎಂಬ ಭಾರವಾದ ಪೆಟ್ಟಿಗೆಯು ಮೌನವಾಗಿ ಕುಳಿತಿರುತ್ತದೆ. ಅದು ಕೆಟ್ಟ ದಿನವೇ ಅದರ ನೆನಪು. ಜಪಾನಿನ ಪ್ರಸಿದ್ಧ ಕಾರ್ಖಾನೆಯೊಂದರ ಪೆಟ್ಟಿಗೆಗಳ ಮೇಲೆ ‘ಜಿ. ಎಸ್.’ ಎಂಬ ಎರಡು ಅಕ್ಷರಗಳಿರುವುವು. ಅವು ಗೆಂಜೋ ಷಿಮಾಜು ಎಂಬ ಮನುಷ್ಯನ ಹೆಸರಿನ ಮೊದಲಕ್ಷರಗಳೆಂದು ಬಲ್ಲವರು ವಿರಳ.

ಗೆಂಜೋ ಎಂಬ ಹೆಸರಿನವರು ಇಬ್ಬರು, ತಂದೆ ಮತ್ತು ಮಗ. ತಂದೆಯು ಕ್ಯೋಟೋ ನಗರದಲ್ಲಿ ಬೌದ್ಧರ ಪೂಜಾಪೀಠದ ಸಾಮಾನುಗಳನ್ನು ಮಾಡುವ ಮನೆತನದವನು. ಚಕ್ರವರ್ತಿಯು ೧೮೬೯ರಲ್ಲಿ ಟೋಕಿಯೋ ನಗರಕ್ಕೆ ತೆರಳಿದ ಮೇಲೆ ಕ್ಯೋಟೋ ಕಳೆಗುಂದಿತು. ಹೊಸ ವಿದ್ಯೆಗಳಿಂದ ಊರನ್ನು ಎತ್ತಿ ನಿಲ್ಲಿಸಬೇಕೆಂದು ಅಲ್ಲಿನ ಅಧಿಕಾರಿಗಳು ಹೊರಟರು. ಆ ಕಾಲದ ಉತ್ಸಾಹದಲ್ಲಿಯೇ ತಂದೆಯು ೧೮೭೫ರಲ್ಲಿ ವಿಜ್ಞಾನಶಿಕ್ಷಣದ ಉಪಕರಣಗಳನ್ನು ತಯಾರಿಸತೊಡಗಿದನು. ೧೮೯೪ರಲ್ಲಿ ಅವನು ಅಕಸ್ಮಾತ್ತಾಗಿ ತೀರಿಕೊಳ್ಳಲು, ಮಗನು ತಂದೆಯ ಹೆಸರನ್ನೇ ತಳೆದು ಅಂಗಡಿಯ ಭಾರವನ್ನು ಹೊತ್ತನು. ಮರುವರ್ಷವೇ ಅವನು ಜಪಾನಿನ ಮೊಟ್ಟಮೊದಲನೆಯ ಸೀಸದ ಬ್ಯಾಟರಿಯನ್ನು ಮಾಡಿ ತೋರಿಸಿದನು. ಅದರಿಂದ ಬೆಳೆದ ಉದ್ಯಮವು ೧೯೧೭ರಲ್ಲಿ ‘ಜಪಾನ್ ಸ್ಟೋರೇಜ್ ಬ್ಯಾಟರಿ’ ಎಂಬ ಪ್ರತ್ಯೇಕ ಕಂಪೆನಿಯಾಯಿತು.

ಇಲ್ಲಿಯ ಮುಖ್ಯ ಸಂಗತಿಯು ಒಂದು ಪುಡಿ. ಬ್ಯಾಟರಿಯೊಳಗೆ ಜಾಲರಿಯಂತಹ ಸೀಸದ ಫಲಕಗಳಿರುವುವು. ಸೀಸದ ಭಸ್ಮವನ್ನು ನೀರು ಗಂಧಕಾಮ್ಲಗಳೊಡನೆ ಹಿಟ್ಟಿನಂತೆ ಕಲಸಿ ಆ ಜಾಲರಿಗೆ ಮೆತ್ತುವರು. ಪುಡಿ ನಯವಾದಷ್ಟೂ ಆಮ್ಲವು ತಗಲುವ ಮೈ ಹೆಚ್ಚು. ಆದರೆ ಮೆತ್ತನೆಯ ಲೋಹವಾದ ಸೀಸವನ್ನು ಅರೆಯಹೋದರೆ ಅದು ಪುಡಿಯಾಗದೆ ಚಪ್ಪಟೆಯಾಗುತ್ತದೆ! ಮಗ ಗೆಂಜೋ ಕಂಡುಕೊಂಡ ಉಪಾಯವು ನಮಗೆ ಬಲು ಸೊಗಸಾಗಿ ತೋರುತ್ತದೆ. ತಿರುಗುವ ಪೀಪಾಯಿಯೊಂದರಲ್ಲಿ ಸೀಸದ ತುಂಡುಗಳನ್ನು ತುಂಬಿ ಒಳಕ್ಕೆ ಗಾಳಿಯನ್ನು ಊದಿಸಿದನು. ಬೇರೆ ಬೀಸುವ ಕಲ್ಲು ಬೇಡ, ಒಲೆಯೂ ಬೇಡ; ತುಂಡುಗಳು ಒಂದನ್ನೊಂದು ಉಜ್ಜಿ ತಾವೇ ಕಾವೇರುವುವು, ಮೇಲ್ಮೈಯು ಗಾಳಿಯ ಆಮ್ಲಜನಕವನ್ನು ಹೀರಿ ಭಸ್ಮವಾಗಿ ಉದುರುವುದು, ಅದೇ ಗಾಳಿಯು ಆ ನಯವಾದ ಪುಡಿಯನ್ನು ಹೊರಕ್ಕೆ ಹೊತ್ತು ತರುವುದು. ಈ ಕ್ರಮವು ಸಿದ್ಧಿಸಿದ್ದು ೧೯೧೯-೨೦ರ ಸುಮಾರಿಗೆ. ಇದರ ಸಂತತಿಯ ಯಂತ್ರಗಳು ಇಂದಿಗೂ ಬ್ಯಾಟರಿಯ ಕಾರ್ಖಾನೆಗಳಲ್ಲಿ ಉರುಳುತ್ತಿವೆ.

ಈ ಪುಡಿಯೇ ಸಮುದ್ರದಾಚೆ ವ್ಯಾಜ್ಯಕ್ಕೆ ಕಾರಣವಾಯಿತು. ಅಮೆರಿಕದ ‘ಎಲೆಕ್ಟ್ರಿಕ್ ಸ್ಟೋರೇಜ್ ಬ್ಯಾಟರಿ’ ಕಂಪೆನಿಯು ೧೯೨೧ರಿಂದಲೇ, ಷಿಮಾಜುವಿನ ಕೆಲಸವನ್ನರಿಯದೆ, ಅಂತಹುದೇ ಕ್ರಮವನ್ನು ತನ್ನ ಕಾರ್ಖಾನೆಯಲ್ಲಿ ನಡೆಸುತ್ತಿದ್ದಿತು. ಷಿಮಾಜು ಅಲ್ಲಿ ಪೇಟೆಂಟಿಗೆ ಅರ್ಜಿಗಳನ್ನು ಹಾಕಿದ್ದು ೧೯೨೨, ೧೯೨೩ ಮತ್ತು ೧೯೨೬ರಲ್ಲಿ. ಹಕ್ಕಿನ ಉಲ್ಲಂಘನೆಯಾಯಿತೆಂದು ಹೂಡಿದ ದಾವೆಯು ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ೧೯೩೯ರಲ್ಲಿ ತೀರ್ಮಾನವಾಯಿತು. ಪರದೇಶದವನಾದರೂ ತನ್ನ ದೇಶದಲ್ಲಿ ಮೊದಲೇ ಕಂಡುಹಿಡಿದುದನ್ನು ಇಲ್ಲಿ ರುಜುವಾತುಪಡಿಸಬಹುದೆಂದು ನ್ಯಾಯಾಧೀಶರು ಒಪ್ಪಿದರು. ಆದರೆ ಅರ್ಜಿಗೆ ಎರಡು ವರ್ಷಕ್ಕೂ ಮೊದಲಿನಿಂದ ಆ ಕ್ರಮವು ಮರೆಮಾಚದೆ ಬಳಕೆಯಲ್ಲಿದ್ದರೆ ಹಕ್ಕು ನಿಲ್ಲದೆಂಬುದು ಅಂದಿನ ಶಾಸನ. ಆದಕಾರಣ ಕೊನೆಯ ಎರಡು ಅರ್ಜಿಗಳ ಪೇಟೆಂಟುಗಳು ಬಿದ್ದುಹೋದವು. ಮೊದಲು ಕಂಡವನೆಂಬ ಮಾನ ಉಳಿಯಿತು, ಫಲದಲ್ಲಿ ಪಾಲು ಹೋಯಿತು. ಶಾಸನದ ದೃಷ್ಟಿಯಿಂದ ಇದು ಸರಿಯಾದ ತೀರ್ಪೆಂದೇ ನಾವು ತಿಳಿಯುತ್ತೇವೆ. ಆದರೂ ಮನಸ್ಸು ಕ್ಯೋಟೋವಿನ ಆ ಪೀಪಾಯಿಯ ಕಡೆಗೇ ವಾಲುತ್ತದೆ. ಅವನ ಸ್ವದೇಶದವರಾದರೋ ೧೯೩೦ರಲ್ಲಿಯೇ ಅವನನ್ನು ಹತ್ತು ಮಂದಿ ಮಹಾ ಆವಿಷ್ಕಾರಕರಲ್ಲಿ ಒಬ್ಬನೆಂದು ಗೌರವಿಸಿದ್ದರು. ಅಮೆರಿಕದಿಂದ ತರಿಸಿದ ವಿದ್ಯುತ್ ಮೋಟಾರು ಗಾಡಿಯಲ್ಲಿ, ತನ್ನ ಬ್ಯಾಟರಿಗಳನ್ನೇ ಹೂಡಿ, ಅವನು ಬಹುಕಾಲ ಓಡಾಡಿದನು. ೧೯೫೧ರಲ್ಲಿ ತೀರಿಕೊಂಡನು.

೧೯೧೮ರಲ್ಲಿ ಹುಟ್ಟಿದ ಯುಆಸಾ ಬ್ಯಾಟರಿ ಕಂಪೆನಿಯು ದೀರ್ಘಕಾಲ ಇವರ ಪ್ರತಿಸ್ಪರ್ಧಿಯಾಗಿದ್ದಿತು. ೨೦೦೪ರಲ್ಲಿ ಎರಡೂ ಕೂಡಿ ‘ಜಿ. ಎಸ್. ಯುಆಸಾ’ ಆದುವು.

ಈ ಕೂಡಿದ ಮನೆಗೆ ಒದಗಿದ ಕಠಿಣ ಪರೀಕ್ಷೆಯು ಸೀಸದಿಂದಲ್ಲ, ಲಿಥಿಯಮ್ಮಿನಿಂದ. ಬೋಯಿಂಗ್ ೭೮೭ ವಿಮಾನಗಳ ಬ್ಯಾಟರಿಗಳು ಇವರವೇ. ೨೦೧೩ರ ಜನವರಿ ೭ರಂದು ಬಾಸ್ಟನ್ನಿನಲ್ಲಿ ನಿಂತಿದ್ದ ವಿಮಾನದಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿತು. ೧೬ರಂದು ಜಪಾನಿನಲ್ಲಿ ಹಾರುತ್ತಿದ್ದ ಇನ್ನೊಂದು ವಿಮಾನವನ್ನು ಇದೇ ಕಾರಣದಿಂದ ತಕಮಾಟ್ಸು ಎಂಬಲ್ಲಿ ಅವಸರವಾಗಿ ಇಳಿಸಬೇಕಾಯಿತು. ಪ್ರಾಣಹಾನಿಯಾಗಲಿಲ್ಲ. ಲೋಕದಲ್ಲಿ ಆಗ ಸಂಚಾರದಲ್ಲಿದ್ದ ಐವತ್ತು ೭೮೭ಗಳೂ ನಿಂತುವು. ಬಾಸ್ಟನ್ನಿನ ಘಟನೆಯನ್ನು ವಿಚಾರಿಸಿದ ಅಮೆರಿಕದ ಮಂಡಳಿಯು ೨೦೧೪ರಲ್ಲಿ ಹೇಳಿದುದು ಇದು: ಒಂದು ಕೋಶದೊಳಗೆ ವಿದ್ಯುತ್ತು ಅಡ್ಡಹಾದಿ ಹಿಡಿದು ಕಾವು ಪಕ್ಕದ ಕೋಶಗಳಿಗೆ ಹಬ್ಬಿತು. ಅಂತಹ ಕಾವು ಹಬ್ಬದಂತೆ ಏರ್ಪಾಟು ಮಾಡದ ವಿಮಾನದವರೂ, ಅನುಮತಿ ಕೊಟ್ಟ ಸರಕಾರದ ಇಲಾಖೆಯೂ ದೋಷಕ್ಕೆ ಪಾಲುಗಾರರು. ಕೋಶಗಳ ತಯಾರಿಕೆಯಲ್ಲಿಯೂ ನ್ಯೂನತೆಗಳಿದ್ದುವು. ಬ್ಯಾಟರಿಯನ್ನು ಉಕ್ಕಿನ ಪೆಟ್ಟಿಗೆಯೊಳಗಿಟ್ಟು, ಹೊಗೆಯು ಹೊರಕ್ಕೆ ಹೋಗಲು ಕೊಳವೆ ಜೋಡಿಸಿದ ಮೇಲೆ ವಿಮಾನಗಳು ಮತ್ತೆ ಹಾರಿದುವು.

ಅಲ್ಲಿಗೆ ಈ ಮನೆಯ ಮೇಲಿನ ನಂಬಿಕೆ ಮುಗಿಯಲಿಲ್ಲ. ೨೦೧೬ರ ಡಿಸೆಂಬರಿನಲ್ಲಿ ಇವರ ಲಿಥಿಯಮ್ ಕೋಶಗಳಿಂದ ಮಾಡಿದ ಬ್ಯಾಟರಿಗಳ ಮೊದಲ ಕಂತು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಏರಿತು. ಅಲ್ಲಿನ ೪೮ ಹಳೆಯ ಬ್ಯಾಟರಿಗಳ ಕೆಲಸವನ್ನು ೨೪ ಹೊಸವು ವಹಿಸಿಕೊಂಡುವು. ಆ ನಿಲ್ದಾಣವು ದಿನಕ್ಕೆ ಸುಮಾರು ಹದಿನಾರು ಬಾರಿ ಭೂಮಿಯ ನೆರಳಿಗೆ ಸರಿಯುವುದು. ಪ್ರತಿ ಬಾರಿಯೂ ಬಿಸಿಲು ಮರಳುವವರೆಗೆ ಒಳಗಿನ ದೀಪಗಳು ಉರಿಯುವುದು ಈ ಪೆಟ್ಟಿಗೆಗಳಿಂದ.