ರ್‍ಯಾಂಕ್ ಪಟ್ಟಿಯಲ್ಲಿ ಮುಂಡರಗಿಯ ಹುಡುಗಿ ಎಲ್ಲಿ?

ಎನ್‌ಐಆರ್‌ಎಫ್ ಎಂಬ ಕೇಂದ್ರ ಸರ್ಕಾರದ ರ್‍ಯಾಂಕ್ ಪಟ್ಟಿ ಹೊರಬಿದ್ದಾಗಲೆಲ್ಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರು ವಿಶ್ವವಿದ್ಯಾಲಯಗಳ ವಿಭಾಗದ ನೆತ್ತಿಯ ಮೇಲೆ ಇದ್ದೇ ಇರುತ್ತದೆ. ಕರ್ನಾಟಕಕ್ಕೆ ಹೆಮ್ಮೆ ಎಂದು ನಾವು ಬರೆಯುತ್ತೇವೆ, ಬರೆಯಲೇಬೇಕು. ಆದರೆ ಅದು ಕೇಂದ್ರದ ಹಣದಲ್ಲಿ ನಡೆಯುವ ಸಂಸ್ಥೆ. ರಾಜ್ಯ ಸರ್ಕಾರದ ವಿಶ್ವವಿದ್ಯಾಲಯಗಳ ಕಥೆ ಬೇರೆ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ 2021ರಲ್ಲಿ 19ನೇ ಸ್ಥಾನದಲ್ಲಿತ್ತು. ಎರಡೇ ವರ್ಷದಲ್ಲಿ 44ಕ್ಕೆ ಜಾರಿತು. 2024ರಿಂದ ರಾಜ್ಯಗಳ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೇ ಪ್ರತ್ಯೇಕ ಪಟ್ಟಿ ಬರುತ್ತಿದೆ. ಆ ವರ್ಷ ಚೆನ್ನೈನ ಅಣ್ಣಾ ಮೊದಲು, ಕೋಲ್ಕತ್ತಾದ ಜಾಧವಪುರ ಎರಡನೆಯದು. ಮರುವರ್ಷ ಎರಡೂ ಅದಲುಬದಲು.

ಈ ಅಂಕೆಗಳನ್ನು ನೋಡಿ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಹೀಗಳೆಯುವವರು ಗದುಗಿನಲ್ಲೂ ಇದ್ದಾರೆ. ಅವರಿಗೆ ನನ್ನದೊಂದೇ ಪ್ರಶ್ನೆ: ಈ ಪಟ್ಟಿ ಅಳೆಯುವುದು ಯಾರನ್ನು?

ಕಾಲೇಜುಗಳಿಗೆ ಮಾನ್ಯತೆ ಕೊಡುವ ವಿಶ್ವವಿದ್ಯಾಲಯಗಳ ಲೆಕ್ಕ ಹಾಕುವಾಗ ಎನ್‌ಐಆರ್‌ಎಫ್ ಅವುಗಳ ಸ್ವಂತ ವಿಭಾಗಗಳ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧನೆಯನ್ನು ಮಾತ್ರ ಪರಿಗಣಿಸುತ್ತದೆ. ಸಂಯೋಜಿತ ಕಾಲೇಜುಗಳು ಆ ಲೆಕ್ಕದಲ್ಲಿ ಬರುವುದಿಲ್ಲ. ಅಣ್ಣಾ ವಿಶ್ವವಿದ್ಯಾಲಯದ ಕೆಳಗೂ ನೂರಾರು ಎಂಜಿನಿಯರಿಂಗ್ ಕಾಲೇಜುಗಳಿವೆ. ಅದರ ರ್‍ಯಾಂಕ್ ಬಂದದ್ದು ಆ ಕಾಲೇಜುಗಳಿಂದಲ್ಲ. ಹಾಗೆಯೇ ಮುಂಡರಗಿಯಲ್ಲಿ ಬಿ.ಎ. ಓದುವ ಹುಡುಗಿ, ಲಕ್ಷ್ಮೇಶ್ವರದಲ್ಲಿ ಬಿ.ಕಾಂ. ಓದುವ ಹುಡುಗ ಧಾರವಾಡದ ರ್‍ಯಾಂಕಿನಲ್ಲಿ ಇಲ್ಲವೇ ಇಲ್ಲ. ಅವರ ಅಂಕಪಟ್ಟಿಯ ಮೇಲೆ ಮಾತ್ರ ಆ ವಿಶ್ವವಿದ್ಯಾಲಯದ ಮುದ್ರೆ ಇರುತ್ತದೆ. ಸ್ಥಾನ ಏರಿದರೂ ಇಳಿದರೂ ಅವರ ತರಗತಿಯಲ್ಲಿ ಪಾಠ ನಡೆಯಿತೋ ಇಲ್ಲವೋ ಎಂಬುದು ನಮಗೆ ತಿಳಿಯುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಒಟ್ಟು ಅಂಕದ ಹತ್ತನೇ ಒಂದು ಭಾಗ ಒಳಗೊಳ್ಳುವಿಕೆಗೆ ಮೀಸಲು. ಅದರಲ್ಲಿ ಹೊರರಾಜ್ಯ, ಹೊರದೇಶದ ವಿದ್ಯಾರ್ಥಿಗಳಿದ್ದರೆ ನೂರಕ್ಕೆ 30 ಅಂಕ. ಹೆಣ್ಣುಮಕ್ಕಳ ಪ್ರಮಾಣಕ್ಕೂ ಅಷ್ಟೇ ಅಂಕವಿದೆ, ಅದು ಸರಿ. ಆದರೆ ಶಿರಹಟ್ಟಿ, ರೋಣ, ಸವಣೂರು, ಕಲಘಟಗಿಯ ಹಳ್ಳಿಗಳಿಂದ ಮನೆಯಲ್ಲೇ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದ ಮಕ್ಕಳಿಂದ ತುಂಬಿದ ವಿಶ್ವವಿದ್ಯಾಲಯ ಆ 30 ಅಂಕವನ್ನು ಎಲ್ಲಿಂದ ತರಬೇಕು? ಅದು ಹುಟ್ಟಿದ್ದೇ ಈ ಮಕ್ಕಳಿಗಾಗಿ. ನಮ್ಮ ಭಾಗದವರು ಬಹುಕಾಲ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಗಳಿಗೇ ಕೂಡಬೇಕಿತ್ತು. ಆಗ ಗದಗ ಮುಂಬಯಿ ಪ್ರಾಂತದಲ್ಲಿತ್ತು, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ. ಕನ್ನಡ ನಾಡು ಒಂದಾಗುವ ಮೊದಲೇ, 1949ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಬಂತು.

ಸಂಶೋಧನೆಯ ಅಂಕಗಳೂ ಹೀಗೆಯೇ. ಲೇಖನಗಳ ಎಣಿಕೆ ನಡೆಯುವುದು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ದತ್ತಾಂಶ ಕೋಶಗಳಿಂದ; ಅಲ್ಲಿ ಕನ್ನಡದಲ್ಲಿ ಬರೆದದ್ದು ಸಿಗುವುದು ಅಪರೂಪ. ಧಾರವಾಡದ ಕನ್ನಡ ವಿಭಾಗದಲ್ಲಿ ದುಡಿದ ಎಂ.ಎಂ. ಕಲಬುರ್ಗಿಯವರ ‘ಮಾರ್ಗ-4’ ಕೃತಿಗೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶಾಸನ, ವಚನ, ಗ್ರಂಥಸಂಪಾದನೆಯ ಆ ಕೆಲಸವಿಲ್ಲದೆ ಈ ನಾಡಿನ ಚರಿತ್ರೆ ಬರೆಯಲಾಗದು. ಲಕ್ಷ್ಮೇಶ್ವರದ ಶಾಸನಗಳನ್ನು ಓದಬಲ್ಲ ಹೊಸ ಹುಡುಗರನ್ನು ತಯಾರು ಮಾಡುವ ವಿಭಾಗಕ್ಕೆ ಪಟ್ಟಿಯಲ್ಲಿ ಏನೂ ದಕ್ಕುವುದಿಲ್ಲ.

ಜಾಗತಿಕ ಪಟ್ಟಿಗಳಲ್ಲಂತೂ ‘ಖ್ಯಾತಿ’ಯದೇ ದೊಡ್ಡ ಪಾಲು. ಕ್ಯೂಎಸ್ ಪಟ್ಟಿಯಲ್ಲಿ ವಿದ್ವಾಂಸರ ಅಭಿಪ್ರಾಯಕ್ಕೆ ಮೊದಲು ನೂರಕ್ಕೆ 40 ಅಂಕವಿತ್ತು, ಈಗ 30. ಹೆಸರು ಕೇಳಿದವರು ಹೆಸರು ಹೇಳುತ್ತಾರೆ, ಅಷ್ಟೇ. 2020ರಲ್ಲಿ ಏಳು ಐಐಟಿಗಳು ಪಾರದರ್ಶಕತೆ ಸಾಲದು ಎಂದು ಟೈಮ್ಸ್ ಹೈಯರ್ ಎಜುಕೇಶನ್ ಪಟ್ಟಿಯಿಂದಲೇ ಹೊರಗುಳಿದವು. ಅವುಗಳಿಗೆ ಆ ಧೈರ್ಯ ಮಾಡುವುದು ಸಾಧ್ಯವಿತ್ತು. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಆ ಸ್ವಾತಂತ್ರ್ಯ ಎಲ್ಲಿದೆ?

ಹಾಗೆಂದು ಎಲ್ಲ ತಪ್ಪನ್ನೂ ಅಳತೆಗೋಲಿನ ಮೇಲೆ ಹೊರಿಸಲಾರೆ. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಯಾಗಿದ್ದಾಗ ಧಾರವಾಡಕ್ಕೆ ಹೆಸರು ಬಂದದ್ದು ಒಳ್ಳೆಯ ಅಧ್ಯಾಪಕರನ್ನು ಹುಡುಕಿ ತಂದದ್ದರಿಂದ. ಇಂದು ಮಂಜೂರಾದ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿವೆ. ಪಾಠದ ಹೊರೆ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಇದರ ನಡುವೆ 2023ರಲ್ಲಿ ಹಾವೇರಿಗೆ ಹೊಸ ವಿಶ್ವವಿದ್ಯಾಲಯ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ಸೇರಿಸಿ ಒಂಬತ್ತನ್ನು ಮುಚ್ಚಬೇಕೆಂಬ ತೀರ್ಮಾನ ಸಂಪುಟ ಉಪಸಮಿತಿಯಿಂದ ಹೊರಬಿತ್ತು. ಬಾಗಿಲು ತೆರೆಯುವಾಗಲೂ ಮುಚ್ಚುವಾಗಲೂ ವಿದ್ಯಾರ್ಥಿಯನ್ನು ಯಾರೂ ಕೇಳಲಿಲ್ಲ.

ಮೊನ್ನೆ ಶಿರಹಟ್ಟಿ ಕಡೆಯ ರೈತರೊಬ್ಬರು ಕೇಳಿದರು: “ಸರ, ಮಗಳನ್ನ ಎಮ್ಮೆಸ್ಸಿಗೆ ಹಚ್ಚಬೇಕಂತೀನ್ರಿ. ಯಾವ ಯೂನಿವರ್ಸಿಟಿ ನಂಬರ್ ಛಲೋ ಐತ್ರಿ?”

“ನಂಬರ್ ಆಮ್ಯಾಲೆ ನೋಡೋಣ್ರಿ. ಆ ವಿಭಾಗದಾಗ ಕಾಯಂ ಕಲಿಸೋರು ಎಷ್ಟು ಮಂದಿ ಅದಾರ ಕೇಳ್ರಿ. ಹೋದ ವರ್ಷದ ರಿಸಲ್ಟ್ ಯಾವಾಗ ಬಂತು ಕೇಳ್ರಿ. ಹುಡುಗಿಗೆ ಹಾಸ್ಟೆಲ್ ಸಿಗತೈತೇನು ಕೇಳ್ರಿ,” ಎಂದೆ.

“ಇದನ್ನ ಯಾರಿಗೆ ಕೇಳಬೇಕ್ರಿ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಈ ಮೂರು ಸಂಗತಿ ಒಂದೇ ಕಡೆ ಸಿಗುವಂಥ ಪ್ರಕಟಣೆ ನಮ್ಮಲ್ಲಿಲ್ಲ. ಕೊನೆಯ ಸೆಮಿಸ್ಟರಿನ ಫಲಿತಾಂಶ ತಡವಾಗಿ, ಬಿ.ಇಡಿ. ಅರ್ಜಿಯ ಗಡುವು ದಾಟಿ, ಇಡೀ ವರ್ಷ ಮನೆಯಲ್ಲಿ ಕೂತ ಮಕ್ಕಳ ಲೆಕ್ಕವನ್ನು ಯಾವ ಪಟ್ಟಿಯೂ ಹಿಡಿದಿಲ್ಲ. ಬೆಟಗೇರಿಯ ನೇಕಾರರ ಮನೆಯಲ್ಲಿ ಆ ಒಂದು ವರ್ಷ ಎಂದರೆ ಹುಡುಗಿಯ ಓದು ಅಲ್ಲಿಗೇ ಮುಗಿದು ಮದುವೆಯ ಮಾತು ಶುರುವಾಗುವ ಕಾಲ.

ನಾಗಾವಿಯಲ್ಲಿರುವ ನಮ್ಮದೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ 2016ರ ಕಾಯ್ದೆಯ ಕೂಸು; ಈಗ ಮಹಾತ್ಮ ಗಾಂಧಿಯವರ ಹೆಸರು ಹೊತ್ತಿದೆ. ಅದನ್ನು ಜಾಧವಪುರದ ಪಕ್ಕ ನಿಲ್ಲಿಸಿ ಅಳೆಯುವುದರಲ್ಲಿ ಅರ್ಥವಿಲ್ಲ. ಅಲ್ಲಿ ಕಲಿತವರು ಎಷ್ಟು ಗ್ರಾಮ ಪಂಚಾಯಿತಿಗಳ ಕುಡಿಯುವ ನೀರಿನ ಯೋಜನೆಗೆ ಕೈ ಹಚ್ಚಿದರು, ಕಪ್ಪತಗುಡ್ಡದ ಗಿಡಮೂಲಿಕೆಗಳ ಬಗ್ಗೆ ಸುತ್ತಲ ಊರುಗಳಿಗೆ ಉಪಯೋಗವಾಗುವ ಯಾವ ಅಧ್ಯಯನ ಹೊರಬಂತು, ಸಿಂಗಟಾಲೂರು ಏತ ನೀರಾವರಿಯ ನೀರು ಕಾಲುವೆಯ ಕೊನೆಯ ಹೊಲಕ್ಕೆ ಮುಟ್ಟಿತೇ ಎಂದು ಯಾರಾದರೂ ನಡೆದು ನೋಡಿದರೇ? ಆ ವಿಶ್ವವಿದ್ಯಾಲಯ ಪ್ರತಿ ವರ್ಷ ಇದರ ವರದಿಯನ್ನು ಕನ್ನಡದಲ್ಲಿ ಜಿಲ್ಲೆಯ ಮುಂದಿಡಲಿ.

ಧಾರವಾಡದಿಂದ ನಾನು ಕೇಳುವುದು ಇನ್ನೂ ಸರಳ. ಮುಂದಿನ ಪ್ರವೇಶ ಪ್ರಕಟಣೆಯಲ್ಲಿ ಶುಲ್ಕದ ಕೋಷ್ಟಕದ ಪಕ್ಕದಲ್ಲೇ ಪ್ರತಿ ವಿಭಾಗದ ಕಾಯಂ ಅಧ್ಯಾಪಕರ ಸಂಖ್ಯೆ, ಖಾಲಿ ಹುದ್ದೆಗಳು, ಹಿಂದಿನ ಸಾಲಿನ ಫಲಿತಾಂಶ ಹೊರಬಿದ್ದ ತಾರೀಖು, ಹಾಸ್ಟೆಲ್ ಸೀಟುಗಳು ಅಚ್ಚಾಗಲಿ. ಸಂಯೋಜಿತ ಕಾಲೇಜುಗಳಿಗೂ ಇದನ್ನೇ ಕಡ್ಡಾಯ ಮಾಡಲಿ. ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ, ಸಿಂಡಿಕೇಟಿನ ಒಂದು ಠರಾವು ಸಾಕು.