ಮಕ್ಕಳ ಕತ್ತಿನ ಗಂಟು: ಕೆಮ್ಮಿಲ್ಲದ ಕ್ಷಯದ ಸವಾಲು

ಮಕ್ಕಳ ಕತ್ತಿನಲ್ಲಿ ಕಾಣಿಸಿಕೊಳ್ಳುವ ಗಂಟಿಗೆ ಬಹುಪಾಲು ಗಂಟಲು, ಹಲ್ಲು ಇಲ್ಲವೇ ನೆತ್ತಿಯ ಸೋಂಕೇ ಕಾರಣ. ಅದು ತಾನಾಗಿ ಇಳಿಯುತ್ತದೆ. ಎರಡು ವಾರ ಮೀರಿಯೂ ಉಳಿದ ಗಂಟನ್ನು ಮಾತ್ರ ಕಡೆಗಣಿಸುವಂತಿಲ್ಲ. ಹಿರಿಯರು ಗಂಡಮಾಲೆ ಎಂದು ಕರೆಯುತ್ತಿದ್ದುದು ಹಲವು ವೇಳೆ ಕ್ಷಯವೇ. ಬಿಸಿಜಿ ಲಸಿಕೆ ಪಡೆದ ಮಗುವಿಗೂ ಅದು ಬರಬಹುದು.

ಕ್ಷಯವೆಂದರೆ ಕೆಮ್ಮು ಎಂಬ ಭಾವನೆ ಬೇರೂರಿರುವುದರಿಂದ, ಕೆಮ್ಮದ ಮಗುವಿನ ಮೇಲೆ ಯಾರಿಗೂ ಅನುಮಾನ ಮೂಡದು. ಗಂಟಿಗೆ ಸೂಜಿ ಹಾಕಿ ತೆಗೆದ ಅಂಶವನ್ನು ಪರೀಕ್ಷಿಸಬೇಕು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ಅದಕ್ಕಾಗಿ ಕೋಲಾರದ ಎಸ್.ಎನ್.ಆರ್. ಆಸ್ಪತ್ರೆಗೆ ಬರಬೇಕಾದರೆ ತಾಯ್ತಂದೆಯರ ದಿನದ ಕೂಲಿ ಹೋದಂತೆಯೇ. ಆರು ತಿಂಗಳ ಔಷಧಿ ಉಚಿತ. 2018ರಲ್ಲಿ ಮಾಸಿಕ 500 ರೂ. ಇದ್ದ ಪೌಷ್ಟಿಕ ಆಹಾರದ ನೆರವನ್ನು ಕೇಂದ್ರವು 2024ರ ನವೆಂಬರ್‌ನಿಂದ 1,000 ರೂ.ಗೆ ಏರಿಸಿದೆ, ಆದರೆ ಅದು ದೊರೆಯುವುದು ರೋಗ ಪತ್ತೆಯಾದ ಬಳಿಕವಷ್ಟೇ.