ಅಂಕ ಕೇಳದ ಒಬ್ಬರು ಬೇಕು

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಮಕ್ಕಳು ತಪ್ಪಿಸಿಕೊಳ್ಳಲಾಗದ ಪ್ರಶ್ನೆ ಒಂದೇ: ‘ಎಷ್ಟು ಬಂತು?’ ಮನೆಯವರು ಕೇಳುತ್ತಾರೆ, ಟ್ಯೂಷನ್ ಮೇಷ್ಟ್ರು ಕೇಳುತ್ತಾರೆ, ದೇವಸ್ಥಾನದಲ್ಲಿ ಸಿಕ್ಕ ಹಿಂದಿನ ಬೀದಿಯ ಅಜ್ಜಿಯೂ ಕೇಳುತ್ತಾರೆ. ಕೇಳುವವರನ್ನು ದೂರಿ ಪ್ರಯೋಜನವಿಲ್ಲ. 1892ರ ಚಾಮರಾಜಪೇಟೆಯಲ್ಲಿ, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲೆಸಿದ ಗುಮಾಸ್ತರು, ಮೇಷ್ಟ್ರುಗಳು, ವಕೀಲರ ಸಂಸಾರಗಳಿಗೆ ಓದೇ ಆಸ್ತಿ. 1917ರಲ್ಲಿ ಶುರುವಾದ ನ್ಯಾಷನಲ್ ಹೈಸ್ಕೂಲಿನಂಥ ಸಂಸ್ಥೆಗಳು ಈ ಬಡಾವಣೆಗಳಿಗೆ ಹೆಸರು ತಂದುಕೊಟ್ಟವು. ಅದನ್ನು ಹೀಗಳೆಯುವುದು ಕೃತಘ್ನತೆಯಾದೀತು. ಆದರೆ ಇಷ್ಟನ್ನು ಒಪ್ಪಬೇಕು: ಇಲ್ಲಿನ ಹದಿನಾರರ ಹುಡುಗನ ಸುತ್ತ ಇರುವ ಹಿರಿಯರೆಲ್ಲರ ಕೈಯಲ್ಲೂ ಅಂಕದ ಲೆಕ್ಕವಿದೆ. ಆ ಲೆಕ್ಕ ಹಿಡಿಯದ ಒಬ್ಬ ದೊಡ್ಡವರೂ ಅವನಿಗೆ ಸಿಗುವುದಿಲ್ಲ. ಹದಿಹರೆಯದ ಖಿನ್ನತೆ ನಮ್ಮ ಕಣ್ಣು ತಪ್ಪಿಸಿಕೊಳ್ಳುವುದಕ್ಕೆ ಇದೇ ದೊಡ್ಡ ಕಾರಣ ಎಂಬುದು ನನ್ನ ವಾದ.

ಖಿನ್ನತೆ ಎಂದರೆ ಮೂಲೆಯಲ್ಲಿ ಕೂತು ಅಳುವುದು ಎಂದು ನಾವು ತಿಳಿದಿದ್ದೇವೆ. ಈ ವಯಸ್ಸಿನಲ್ಲಿ ಅದು ಹಾಗೆಯೇ ಬರಬೇಕೆಂದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿ, ಮಕ್ಕಳಲ್ಲೂ ಹದಿಹರೆಯದವರಲ್ಲೂ ದುಃಖದ ಬದಲು ಸಿಡಿಮಿಡಿಯೇ ಮುಖ್ಯ ಲಕ್ಷಣವಾಗಿರಬಹುದು ಎನ್ನುತ್ತದೆ. ಎರಡು ವಾರಕ್ಕೂ ಮೀರಿ ಉಳಿಯುವ ಮುನಿಸು, ಇಷ್ಟಪಡುತ್ತಿದ್ದ ಆಟ, ಸಂಗೀತ, ಸ್ನೇಹಿತರು ಯಾವುದೂ ಬೇಡವಾಗುವುದು, ನಿದ್ದೆ ಏರುಪೇರು, ಓದಿದ್ದು ತಲೆಗೆ ಹತ್ತದಿರುವುದು, ಕಾರಣ ತಿಳಿಯದ ಹೊಟ್ಟೆನೋವು, ‘ನಾನು ಯಾವುದಕ್ಕೂ ಆಗದವಳು’ ಎಂಬ ಮಾತು. ಇವೆಲ್ಲಕ್ಕೂ ನಮ್ಮ ಮನೆಗಳಲ್ಲಿ ಆಗಲೇ ಹೆಸರುಗಳಿವೆ: ಉಡಾಫೆ, ಸೋಮಾರಿತನ, ಎದುರುತ್ತರ, ಮೊಬೈಲ್ ಹುಚ್ಚು. ಅಂಕ ಇಳಿದರೆ ಬೈಗುಳ ಮತ್ತು ಇನ್ನೊಂದು ಟ್ಯೂಷನ್. ಇಳಿಯದಿದ್ದರೆ ಇನ್ನೂ ಅಪಾಯ. ಶೇಕಡ 95 ತರುವ ಹುಡುಗಿಗೆ ಏನು ಕಷ್ಟವಿದ್ದೀತು ಎಂದು ಯಾರೂ ಯೋಚಿಸುವುದಿಲ್ಲ. ಒಳಗೆ ಕುಸಿಯುತ್ತಲೇ ತಿಂಗಳುಗಟ್ಟಲೆ ಅಂಕ ಕಾಯ್ದುಕೊಳ್ಳುವ ಮಕ್ಕಳಿದ್ದಾರೆ, ಅವರ ಅಂಕಪಟ್ಟಿ ಇದನ್ನು ಹೇಳುವುದಿಲ್ಲ.

ಇದು ಎಲ್ಲೋ ಕೆಲವರ ಕಷ್ಟವೇ? ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಹಳ್ಳಿಗಳಲ್ಲಿ ಈ ಪ್ರಮಾಣ ಶೇಕಡ 6.9, ಮಹಾನಗರಗಳಲ್ಲಿ 13.5. ಸಮೀಕ್ಷೆ ನಡೆಸಿದ ಸಂಸ್ಥೆ ಬೆಂಗಳೂರಿನದಾದರೂ ಆ 12ರಲ್ಲಿ ಕರ್ನಾಟಕ ಇರಲಿಲ್ಲ. ಹಾಗಾಗಿ ಈ ಅಂಕಿಗಳನ್ನು ನೇರವಾಗಿ ನಮ್ಮ ಬೀದಿಗಳಿಗೆ ಅಂಟಿಸುವುದು ತಪ್ಪು. ಆದರೂ ಮಹಾನಗರದ ಮಕ್ಕಳಲ್ಲಿ ಪ್ರಮಾಣ ಹಳ್ಳಿಯದರ ಸುಮಾರು ಎರಡರಷ್ಟಿದೆ ಎಂಬುದು ಬೆಂಗಳೂರಿಗೆ ಸಂಬಂಧಿಸದ ಮಾತೇನಲ್ಲ. ಖಿನ್ನತೆ ಇರುವ ವಯಸ್ಕರಲ್ಲಿ ಶೇಕಡ 85ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ ಎಂದೂ ಅದೇ ಸಮೀಕ್ಷೆ ಹೇಳಿತು. ದೂರದ ತಾಲೂಕುಗಳಲ್ಲಿ ಇದಕ್ಕೆ ವೈದ್ಯರ ಕೊರತೆ ಕಾರಣವೆನ್ನಬಹುದು. ಬಸವನಗುಡಿಯಿಂದ ನಿಮ್ಹಾನ್ಸ್‌ಗೆ ಆಟೊದಲ್ಲಿ ಹೋಗಿಬರಬಹುದು. ಆದರೆ ‘ನಿಮ್ಹಾನ್ಸ್ ಕೇಸು’ ಎಂಬುದು ಬೈಗುಳವಾಗಿರುವ ಊರಿನಲ್ಲಿ, ಒಬ್ಬರಿಗೊಬ್ಬರು ಮೂರು ತಲೆಮಾರಿನಿಂದ ಪರಿಚಿತರಾಗಿರುವ ಬೀದಿಗಳಲ್ಲಿ, ಆ ಆಟೊ ಹತ್ತುವುದೇ ಕಷ್ಟ. ಅದಕ್ಕೇ ಮೊದಲ ಮಾತುಕತೆ ಮಗು ದಿನಾ ಹೋಗುವ ಜಾಗದಲ್ಲೇ ಆಗಬೇಕು.

‘ಶಾಲೆಯಲ್ಲಿ ಮೇಷ್ಟ್ರುಗಳಿಲ್ಲವೇ, ಅವರಿಗೇ ನಾಲ್ಕು ದಿನ ತರಬೇತಿ ಕೊಡಿ’ ಎನ್ನುವುದು ಇಲಾಖೆಗೂ ಆಡಳಿತ ಮಂಡಳಿಗೂ ಒಪ್ಪಿಗೆಯಾಗುವ ಪರಿಹಾರ, ಅದರಲ್ಲಿ ಖರ್ಚಿಲ್ಲ. ಇದಕ್ಕೆ ಒಳ್ಳೆಯ ಉತ್ತರ ಬಿಹಾರದಿಂದ ಬಂದಿದೆ. ಅಲ್ಲಿನ ನಳಂದ ಜಿಲ್ಲೆಯ ಎಪ್ಪತ್ತಕ್ಕೂ ಹೆಚ್ಚು ಸರ್ಕಾರಿ ಪ್ರೌಢಶಾಲೆಗಳನ್ನು ಮೂರು ಗುಂಪು ಮಾಡಿ ಒಂದು ಪ್ರಯೋಗ ನಡೆಯಿತು, ಅದರ ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಶಾಲೆಗಳಲ್ಲಿ ಇದೇ ಕೆಲಸಕ್ಕೆಂದು ನೇಮಕಗೊಂಡ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಇದ್ದರು. ಇನ್ನೊಂದರಲ್ಲಿ ಅದೇ ಕಾರ್ಯಕ್ರಮವನ್ನು ಶಿಕ್ಷಕರೇ ನಡೆಸಿದರು. ಉಳಿದ ಶಾಲೆಗಳಲ್ಲಿ ಹೊಸದೇನೂ ಇರಲಿಲ್ಲ. ಗೋಡೆ ಪತ್ರಿಕೆ, ಹೆಸರು ಹಾಕದೆ ದೂರು ಬರೆದು ಹಾಕುವ ಪೆಟ್ಟಿಗೆ, ಬೇಕಾದವರಿಗೆ ಒಬ್ಬೊಬ್ಬರಾಗಿ ಮಾತುಕತೆ: ಕಾರ್ಯಕ್ರಮ ಇಷ್ಟು ಸರಳವಾಗಿತ್ತು. ಸಲಹೆಗಾರರಿದ್ದ ಶಾಲೆಗಳಲ್ಲಿ ಖಿನ್ನತೆಯ ಲಕ್ಷಣಗಳೂ ಪೀಡನೆಯೂ ಕಡಿಮೆಯಾದವು, ಶಾಲೆಯ ವಾತಾವರಣ ಸುಧಾರಿಸಿತು. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಇಂಥ ಪ್ರಯೋಜನ ಕಾಣಲಿಲ್ಲ. ಶಿಕ್ಷಕರು ಕೆಟ್ಟವರೆಂದು ಇದರ ಅರ್ಥವಲ್ಲ. ಪಾಠ ಮುಗಿಸಬೇಕು, ಚುನಾವಣಾ ಕೆಲಸ ಮಾಡಬೇಕು, ಕೊನೆಗೆ ಅಂಕ ಕೊಡುವವರೂ ಅವರೇ. ಅಂಕ ಕೊಡುವವರ ಮುಂದೆ ‘ನನಗೆ ಬದುಕುವುದೇ ಬೇಡವಾಗಿದೆ ಸಾರ್’ ಎನ್ನಲು ಎಷ್ಟು ಮಕ್ಕಳಿಗೆ ಧೈರ್ಯ ಬಂದೀತು? ಈ ವಿವರಣೆ ನನ್ನದು, ಫಲಿತಾಂಶ ಪ್ರಯೋಗದ್ದು. ಅಲ್ಲಿ ಕೆಲಸ ಮಾಡಿದವರು ಮನೋವೈದ್ಯರಾಗಿರಲಿಲ್ಲ ಎಂಬುದನ್ನು ಖರ್ಚಿನ ಮಾತೆತ್ತುವವರು ಗಮನಿಸಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ವಯಸ್ಸಿಗೆ ಸಹಜವಾದ ಬೇಸರಕ್ಕೆಲ್ಲ ರೋಗದ ಹೆಸರಿಟ್ಟು ಮಕ್ಕಳನ್ನು ಇನ್ನಷ್ಟು ದುರ್ಬಲ ಮಾಡುತ್ತೀರಿ ಎನ್ನುವುದು. ಇದರಲ್ಲಿ ಹುರುಳಿದೆ. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ತರಗತಿಯಲ್ಲೇ ಧ್ಯಾನದ ಮಾದರಿಯ ಪಾಠ ಹೇಳಿಕೊಟ್ಟು ನೋಡಿದರು. 2022ರಲ್ಲಿ ಬಂದ ವರದಿಯ ಪ್ರಕಾರ, ಶಾಲೆಗಳು ಮೊದಲಿಂದ ಮಾಡುತ್ತಿದ್ದುದಕ್ಕಿಂತ ಹೆಚ್ಚಿನ ಪ್ರಯೋಜನವೇನೂ ಆಗಲಿಲ್ಲ. ಎಲ್ಲ ಮಕ್ಕಳನ್ನೂ ಸಾಲಾಗಿ ಕೂರಿಸಿ ಮನಸ್ಸಿನ ಪಾಠ ಮಾಡುವುದಕ್ಕೆ ನನ್ನ ಬೆಂಬಲವೂ ಇಲ್ಲ. ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ಅತಿಥಿಗಳಿಗೆ ಹಾರ ಹಾಕಿ ನಡೆಸುವ ‘ಒತ್ತಡ ನಿವಾರಣಾ ಶಿಬಿರ’ಗಳನ್ನು ಇವತ್ತೇ ನಿಲ್ಲಿಸಿದರೂ ನಷ್ಟವಿಲ್ಲ. ಪರೀಕ್ಷೆಯ ಹಿಂದಿನ ದಿನದ ಭಯವನ್ನೂ ವಾರಗಟ್ಟಲೆ ಬಿಡದ ಕಾಯಿಲೆಯನ್ನೂ ಬೇರೆಮಾಡಿ ನೋಡಬಲ್ಲ ಒಬ್ಬರು ಶಾಲೆಯಲ್ಲಿದ್ದರೆ ಇಂಥ ತಪ್ಪು ಹಣೆಪಟ್ಟಿಯೂ ಕಡಿಮೆಯಾಗುತ್ತದೆ. ನಿಜಕ್ಕೂ ಕಾಯಿಲೆಯಾದರೆ ಚಿಕಿತ್ಸೆ ಇದೆ. ಅಮೆರಿಕದಲ್ಲಿ ಹದಿಹರೆಯದವರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫ್ಲುಆಕ್ಸೆಟಿನ್ ಔಷಧ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ಶೇಕಡ 71ರಷ್ಟು ಮಂದಿ 12 ವಾರಗಳಲ್ಲಿ ಚೇತರಿಕೆಯ ಹಾದಿ ಹಿಡಿದರು. ಔಷಧವಿಲ್ಲದ ತೋರಿಕೆಯ ಗುಳಿಗೆ ನುಂಗಿದವರಲ್ಲಿ ಇದು 35. ಈ ವಯಸ್ಸಿನವರಲ್ಲಿ ಇಂಥ ಔಷಧ ಶುರುಮಾಡಿದಾಗ ಆತ್ಮಹತ್ಯೆಯ ಯೋಚನೆ ಹೆಚ್ಚೀತೆಂಬ ಎಚ್ಚರಿಕೆಯೂ ಅದೇ ವರ್ಷ ಬಂತು. ಆದ್ದರಿಂದ ಇದು ವೈದ್ಯರ ಕಣ್ಣಳತೆಯಲ್ಲೇ ನಡೆಯಬೇಕಾದ ಚಿಕಿತ್ಸೆ.

‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಎನ್ನುವವರಿಗೆ ಉತ್ತರ ಚಿಕ್ಕದು. ಆಗ ಎಣಿಸಿದವರು ಇರಲಿಲ್ಲ. ಜೊತೆಗೆ, ಬೆಳಗಿನ ಆರಕ್ಕೆ ಟ್ಯೂಷನ್, ಹಗಲೆಲ್ಲ ಕಾಲೇಜು, ಸಂಜೆ ಸಿಇಟಿ, ನೀಟ್ ಕೋಚಿಂಗ್ ಎಂಬ ದಿನಚರಿಯೂ ಆಗ ಇರಲಿಲ್ಲ. ಹದಿಹರೆಯದಲ್ಲಿ ನಿದ್ದೆ ಬರುವ ಹೊತ್ತು ದೇಹದ ಒಳಗಿನಿಂದಲೇ ತಡವಾಗುತ್ತದೆ, ಅದಕ್ಕೆ ನಮ್ಮ ಅಪ್ಪಣೆ ನಡೆಯುವುದಿಲ್ಲ. ಹೀಗಾಗಿ ಬೆಳಗಿನ ಆರರ ಟ್ಯೂಷನ್ ಕಡಿಯುವುದು ಅವರ ನಿದ್ದೆಯನ್ನೇ.

ಶಾಲೆಯಲ್ಲಿ ಅಂಥ ಒಬ್ಬರು ಇರಬೇಕೆನ್ನುವುದಕ್ಕೆ ಈಗ ಕಾನೂನಿನ ಬಲವೂ ಇದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಗಳು, 100 ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನು ನೇಮಿಸಬೇಕು ಎನ್ನುತ್ತವೆ. ಅಂಕದ ಆಧಾರದ ಮೇಲೆ ಬ್ಯಾಚ್ ಒಡೆಯುವುದು, ಎಲ್ಲರೆದುರು ಅವಮಾನಿಸುವುದು ಸಲ್ಲ ಎಂದೂ ಹೇಳಿವೆ. ಕೋಚಿಂಗ್ ಕೇಂದ್ರಗಳಿಗೂ ಇದು ಅನ್ವಯ. ಮಕ್ಕಳಿಗೆ ಪರೀಕ್ಷೆಯಿಂದಾಚೆಗೆ ಒಂದು ಜಾಗ ಬೇಕೆಂಬ ತಿಳಿವಳಿಕೆ ಈ ಬಡಾವಣೆಗಳಿಗೆ ಹೊಸದಲ್ಲ, ಲೇಖಕಿ ಆರ್. ಕಲ್ಯಾಣಮ್ಮ ಚಾಮರಾಜಪೇಟೆಯಲ್ಲಿ 1938ರಲ್ಲೇ ಮಕ್ಕಳಕೂಟ ಕಟ್ಟಿದ್ದರು. ಈ ಜೂನ್‌ನಲ್ಲಿ ಮಕ್ಕಳನ್ನು ಸೇರಿಸಲು ಹೋಗುವ ತಂದೆತಾಯಿಗಳು ಕಳೆದ ವರ್ಷದ ಡಿಸ್ಟಿಂಕ್ಷನ್ ಎಷ್ಟು ಎಂದು ಕೇಳುವಾಗಲೇ, ನಿಮ್ಮಲ್ಲಿ ಸಮಾಲೋಚಕರು ಯಾರು, ಅವರು ಪಾಠವನ್ನೂ ಮಾಡುತ್ತಾರೆಯೇ, ಮಗು ಹೇಳಿದ್ದು ಪ್ರಾಣಾಪಾಯದ ಹೊರತು ಬೇರೆ ಯಾರ ಕಿವಿಗೂ ಬೀಳದೆಂಬ ಖಾತರಿ ಇದೆಯೇ ಎಂದೂ ಕೇಳಬೇಕು. ಅಲ್ಲಿಯವರೆಗೆ ಕಾಯಲಾಗದ ಮನೆಗಳಿಗೆ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.